ಸೋಮವಾರ ಹುಳಿಯಾದ ಸಿಹಿಜೋಳ

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಮಸಗುಪ್ಪಿಯವಳಾದ ನಾನು ಹತ್ತರಗಿ ಬಳಿಯ ಈ ಊರಿಗೆ ಸೊಸೆಯಾಗಿ ಬಂದು ಎರಡು ಮಕ್ಕಳ ತಾಯಿಯಾಗಿದ್ದೆ. ಒಂದು ಮುಂಜಾನೆ ನಮ್ಮ ಕಟ್ಟೆಯ ಮುಂದೆ ಜೀಪು ನಿಂತು, ಇಸ್ತ್ರಿ ಅಂಗಿಯ ಸಾಹೇಬರೊಬ್ಬರು ಇಳಿದರು. ಗಾಡಿ ಓಡಿಸುವ ಎಣ್ಣೆಯನ್ನು ಇನ್ನು ಮೇಲೆ ಹೊಲದಲ್ಲೇ ಬೆಳೆಯಬಹುದು ಎಂದು ನಮ್ಮ ಮಾವನವರಿಗೆ ಹೇಳಿದರು. ಕಬ್ಬೂ ಹುಲ್ಲಿನ ಜಾತಿ, ಜೋಳವೂ ಹುಲ್ಲಿನ ಜಾತಿ. ಎರಡರ ಗುಣವೂ ಇರುವ ಸಿಹಿಜೋಳ ಬಿತ್ತಿದರೆ ತೆನೆ ನಮಗೆ, ದಂಟಿನ ರಸ ಕಾರ್ಖಾನೆಗೆ, ಇಂಧನ ದೇಶಕ್ಕೆ. ಒಂದು ಕಪ್ ಚಹಾ ಮುಗಿಯುವಷ್ಟರಲ್ಲಿ ದೇಶ ಉದ್ಧಾರವಾಗಿಹೋಯಿತು.

ನಾನು ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದೆ. "ದಂಟು ಕಾರ್ಖಾನಿಗೆ ಕೊಟ್ರ ನಮ್ಮ ಎತ್ತು ಏನ್ ತಿನ್ನಬೇಕ್ರಿ?"

ನಮ್ಮದು ಮೂರೆಕರೆ ಎರೆ ಹೊಲ. ಅಲ್ಲಿ ಬೆಳೆದ ಜೋಳದ ಒಣದಂಟೇ ನಮ್ಮ ಜೋಡೆತ್ತಿಗೆ ಬೇಸಿಗೆ ದಾಟಿಸುವ ಮೇವು. ಸಾಹೇಬರು ನಕ್ಕು, ಹಿಂಡಿದ ಸಿಪ್ಪೆ ವಾಪಸು ಬರುತ್ತದೆ, ಎತ್ತುಗಳು ಪೇಢೆಯಂತೆ ತಿನ್ನುತ್ತವೆ ಎಂದರು. ಆ ಸಿಪ್ಪೆಯನ್ನು ಕಾರ್ಖಾನೆಯವರು ತಮ್ಮ ಬಾಯ್ಲರಿಗೇ ಸುರಿದುಕೊಳ್ಳುತ್ತಾರೆ ಎಂದು ನಮಗೆ ಗೊತ್ತಾಗಿದ್ದು ತೆನೆ ಬಲಿತ ಮೇಲೆ. ಇಂಧನ ಮಾಡಲು ಮೊದಲು ಇಂಧನ ಸುಡಬೇಕಂತೆ. ಇಂಥ ಬುದ್ಧಿ ಓದಿದವರಿಗಷ್ಟೇ ಬರುತ್ತದೆ. ರೊಕ್ಕ ಬಂದ ಮೇಲೆ ಮೇವು ಕೊಂಡರಾಯಿತು ಎಂದು ಮಾವ ಸಮಾಧಾನ ಹೇಳಿದರು. ಸುತ್ತಲಿನ ಹೊಲವೆಲ್ಲ ಕಬ್ಬಾಗಿರುವಾಗ ಒಣದಂಟು ಮಾರುವವರು ಯಾರು ಎಂದು ಅವರೂ ಯೋಚಿಸಲಿಲ್ಲ.

ರವಿವಾರ ಆಳು ಹಚ್ಚಿ ಬೆಳೆ ಕೊಯ್ಯಿಸಿ, ತೆನೆ ಮುರಿದು, ದಂಟನ್ನು ಹೊಲದಲ್ಲೇ ಹಾಕಿದೆವು. ಮರುದಿನ ಹೆದ್ದಾರಿ ಬದಿಗೆ ಲಾರಿ ಬರುತ್ತದೆ, ಎತ್ತಿನ ಚಕ್ಕಡಿಯಲ್ಲಿ ತಂದು ಹೇರಿರಿ ಎಂದು ಕಾರ್ಖಾನೆಯಿಂದ ಹೇಳಿಕಳಿಸಿದರು. ಮರುದಿನ ಸೋಮವಾರ. ಅದು ಬಸವಣ್ಣನ ವಾರ, ನಮ್ಮ ಮನೆಯಲ್ಲಿ ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮೈ ತೊಳೆದು, ಕೊಂಬಿಗೆ ಎಣ್ಣೆ ಹಚ್ಚಿ, ಅವುಗಳ ಪಾಡಿಗೆ ಬಿಡುತ್ತೇವೆ. ಬಾಜೂ ಮನೆಯ ಜೈನರ ಕಾಕಾ ತಮ್ಮ ಟ್ರ್ಯಾಕ್ಟರ್ ಒಯ್ಯಿರಿ ಎಂದರು. ಮಾವ ಕೇಳಲಿಲ್ಲ.

"ದಂಟು ಎಲ್ಲಿ ಓಡಿ ಹೊಕ್ಕೈತಿ? ನಾಡಿದ್ದ ಹೇರಿದ್ರಾತು."

ನಾನೂ ಹೂಂ ಎಂದೆ. ಜೋಳದ ದಂಟನ್ನು ಎಂಟು ದಿನ ಹೊಲದಲ್ಲೇ ಒಣಗಿಸಿ ಬಣವೆ ಒಟ್ಟಿದವರು ನಾವು. ಸಿಹಿ ದಂಟನ್ನು ಕೊಯ್ದ ಕೂಡಲೇ ಹಿಂಡದಿದ್ದರೆ ರಸ ಕೆಡುತ್ತದೆ ಎಂದು ಸಾಹೇಬರು ಬಾಯಿಬಿಟ್ಟು ಹೇಳಿರಲಿಲ್ಲ. ಅವರು ಕೊಟ್ಟ ಇಂಗ್ಲಿಷ್ ಕಾಗದದಲ್ಲಿ ಇತ್ತಂತೆ. ಇದ್ದಿರಬಹುದು, ಅದರ ಮೇಲೆ ನಾನು ಸಂಡಿಗೆ ಒಣಗಿಸಿದ್ದೆ.

ಒಂದು ದಿನ ಕಾಯಿಸಿ ಮಂಗಳವಾರ ಹೇರಿದ ಲಾರಿ ಕಾರ್ಖಾನೆಯ ಬಾಗಿಲಿಂದಲೇ ತಿರುಗಿ ಬಂತು. ರಸ ಹುಳಿಯಾಗಿದೆ, ಬೇಡ ಎಂದರಂತೆ. ಲಾರಿಯವನು ದಂಟನ್ನು ಹೆದ್ದಾರಿ ಬದಿಯಲ್ಲೇ ಸುರಿದು ಹೋದ. ನಮಗೆ ಸುದ್ದಿ ಮುಟ್ಟುವಷ್ಟರಲ್ಲಿ ಒತ್ತಿ ಕೂತ ಹಸಿ ರಾಶಿ ಕಾವು ಹಿಡಿದು ಕಪ್ಪಾಗಿತ್ತು, ಬೂಸು ಬಂದಿತ್ತು. ಎತ್ತುಗಳು ಮೂಸಿ ಮುಖ ತಿರುಗಿಸಿದವು.

ಕಬ್ಬಿನ ಸೋಗೆ ಸಿಗುವಷ್ಟು ದಿನ ಅದನ್ನೇ ಹಾಕಿದೆವು. ಕಬ್ಬಿನ ಕಟಾವು ಮುಗಿದ ಮೇಲೆ ಅದೂ ನಿಂತಿತು. ಒಂದು ದಿನ ದುಡಿಸಬಾರದೆಂದು ಬಿಟ್ಟಿದ್ದ ಎತ್ತುಗಳನ್ನೇ ಹುಕ್ಕೇರಿ ಸಂತೆಯಲ್ಲಿ ಮಾರಿ ಬಂದರು ಮಾವ. ಎರಡು ದಿನ ಊಟ ಮುಟ್ಟಲಿಲ್ಲ. ಅವರ ಮೇಲಿದ್ದ ನನ್ನ ಸಿಟ್ಟು ಆ ಮುಖ ನೋಡಿ ಇಳಿಯಿತು, ಜೀಪಿನ ಮೇಲಿನದು ಇನ್ನೂ ಇಳಿದಿಲ್ಲ.

ಬಿತ್ತುವ ಹೊತ್ತಿಗೆ ಆ ಜೀಪು ಮತ್ತೆ ಬಂತು. ನಮ್ಮ ಹೊಲದಿಂದ ಒಂದು ಹನಿ ಎಣ್ಣೆ ಹುಟ್ಟಿರಲಿಲ್ಲ, ಅದು ಮಾತ್ರ ಬಂದು ಹೋಗಿ ಬೇಕಾದಷ್ಟು ಡೀಸೆಲ್ ಕುಡಿದಿತ್ತು. ಪ್ರಯೋಗ ಚೆನ್ನಾಗಿ ಆಯಿತು ಎಂದು ಬರೆದಿದ್ದ ಕಾಗದಕ್ಕೆ ಮಾವನ ಸಹಿ ಬೇಕಿತ್ತು. ಈ ವರ್ಷ ಇನ್ನೂ ಒಳ್ಳೆಯ ಬೀಜ ಬಂದಿದೆ ಎಂದೂ ಸಾಹೇಬರು ಸೇರಿಸಿದರು.

ಮಾವ ಪೆನ್ನು ಇಸಿದುಕೊಂಡರು.

"ಮಾಡ್ತೇನ್ರಿ ಸಾಹೇಬ್ರ. ಮೊದಲ ಹೊಲ ಹರಗಬೇಕು. ಎತ್ತಿಲ್ಲ, ನೀವ ಹೆಗಲ ಕೊಡ್ರಿ. ಇವತ್ತೇನು ಸೋಮವಾರ ಅಲ್ಲ."

ಸಾಹೇಬರು ನಕ್ಕರು. ಮಾವ ನಗಲಿಲ್ಲ, ನೊಗ ತರಲು ಕೊಟ್ಟಿಗೆಗೆ ಹೋದರು.