ಪೆಟ್ಟಿಗೆ ತುಂಬಿದ ಮೇಲೆ ಬರುತ್ತೇನೆ

ಜಾಲ್ಸೂರಿನಲ್ಲಿ ಕಾಸರಗೋಡಿನ ಬಸ್ಸುಗಳು ತಿರುಗುವ ಕಡೆ ಒಂದು ಜ್ಯೂಸ್ ಅಂಗಡಿ ಉಂಟು. ಅದರ ಯಜಮಾನ ಸಲಾಂ, ಐವತ್ತು ದಾಟಿದ ಬ್ಯಾರಿ ಮನುಷ್ಯ. ಗಿರಾಕಿ ದೊಡ್ಡ ಗ್ಲಾಸ್ ಕೇಳಿದರೆ "ಚಿಕ್ಕದು ಸಾಕಾಗುದಿಲ್ವಾ?" ಅನ್ನುವ ಅಂಗಡಿಯವನನ್ನು ನೀವು ಎಲ್ಲಾದರೂ ಕಂಡದ್ದುಂಟಾ? ಹೀಗೆ ಕೇಳಿದರೆ ವ್ಯಾಪಾರ ಉದ್ಧಾರ ಆದ ಹಾಗೆಯೇ! ಆದರೆ ಈ ಸಲಾಂ ಮೊದಲು ಹೀಗಿರಲಿಲ್ಲ ಮಾರಾಯ್ರೆ. ಊರಿನಲ್ಲಿ ಅವನಷ್ಟು ಧಾರಾಳಿ ಇನ್ನೊಬ್ಬನಿರಲಿಲ್ಲ.

ಶಾಲೆಯಲ್ಲಿ ಅವನು ದಡ್ಡನೂ ಅಲ್ಲ. ಚಕ್ರಬಡ್ಡಿಯ ಲೆಕ್ಕ ತಪ್ಪದೆ ಮಾಡುತ್ತಿದ್ದ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆಯನ್ನು ವಿಸ್ತರಿಸಿ ಬರೆದು ಶಹಬ್ಬಾಸ್ ಅನ್ನಿಸಿಕೊಂಡವನು. ಆ ಹಾಸಿಗೆ ನಿನ್ನದೇ, ಕಾಲೂ ನಿನ್ನದೇ ಎಂದು ಮಾತ್ರ ಯಾವ ಮಾಷ್ಟ್ರೂ ಹೇಳಲಿಲ್ಲ. ಉಪ್ಪ ಬೇಗ ತೀರಿಹೋದ್ದರಿಂದ ಉಮ್ಮ ಅಲೀಮಮ್ಮ ಬೀಡಿ ಕಟ್ಟಿ ಅವನನ್ನೂ ಅವನ ಅಕ್ಕನನ್ನೂ ಸಾಕಿದರು. ಮೀಸೆ ಚಿಗುರಿದ ಕೂಡಲೇ ಹುಡುಗ ಸೌದಿಯ ದಮ್ಮಾಮಿಗೆ ಹೋಗಿ ಒಂದು ದಿನಸಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತ.

ಮೊದಲ ಸಲ ಊರಿಗೆ ಬಂದಾಗ ನೆರೆಯ ವೆಂಕಪ್ಪ ಗೌಡರ ಬಾಡಿಗೆ ಜೀಪಿನ ಮೇಲೆ ಹಗ್ಗ ಬಿಗಿದ ದೊಡ್ಡ ಪೆಟ್ಟಿಗೆ. ನಾಲ್ಕೂ ಬದಿಗೆ ಕಪ್ಪು ಶಾಯಿಯಲ್ಲಿ ಇಂಗ್ಲಿಷಿನ ದಪ್ಪಕ್ಷರಗಳಲ್ಲಿ ಅವನ ಹೆಸರು, ಊರಿನ ಹೆಸರು. ಜೀಪು ಪೇಟೆ ದಾಟುವಾಗ ಜನ ಮೊದಲು ಪೆಟ್ಟಿಗೆ ನೋಡಿದರು, ಆಮೇಲೆ ಸಲಾಂನನ್ನು. ಗಲ್ಫಿನಿಂದ ಬಂದವನ ಪೆಟ್ಟಿಗೆ ಬಿಚ್ಚುವುದೆಂದರೆ ನಮ್ಮ ಕಡೆ ಸಣ್ಣ ಸಂಗತಿಯಾ? ನೆಂಟರು, ನೆರೆಯವರು, ಗುರ್ತದವರು, ಗುರ್ತ ಇಲ್ಲದವರು, ಎಲ್ಲ ಸೇರಿದರು. ಹುಲಿಯ ಚಿತ್ರದ ಕಂಬಳಿ, ಹಾಲಿನ ಪುಡಿ ಡಬ್ಬ, ಕಿತ್ತಳೆ ಜ್ಯೂಸಿನ ಪುಡಿ, ಅತ್ತರು, ಪಿಸ್ತಾ. ಅಲೀಮಮ್ಮ ಜಗಲಿಯಲ್ಲಿ ಚಾಪೆ ಹಾಕಿ ಕೂತು ಒಬ್ಬೊಬ್ಬರನ್ನೇ ಕರೆದು ಹಂಚಿದರು. ಬೀಡಿ ಎಲೆ ಕತ್ತರಿಸಿ ಗಂಟು ಕಟ್ಟಿದ ಆ ಬೆರಳುಗಳು ಅವತ್ತು ಕೊಡುವುದು ಮಾತ್ರ ಮಾಡಿದವು. ಉಮ್ಮನ ಮುಖದಲ್ಲಿ ಅಂಥ ಬೆಳಕನ್ನು ಸಲಾಂ ಅದುವರೆಗೆ ಕಂಡಿರಲಿಲ್ಲ. ಅವನು ಕೆಟ್ಟದ್ದು ಅಲ್ಲಿಯೇ ನೋಡಿ, ಆ ಬೆಳಕಿನಲ್ಲಿ.

ಅಲ್ಲಿಂದ ಅವನ ಬದುಕೆಲ್ಲ ಪೆಟ್ಟಿಗೆಗೆ ಹೋಯಿತು. ಮನೆಗೆ ಕಳಿಸಿ ಉಳಿದ ದುಡ್ಡಿನಲ್ಲಿ ಇವತ್ತು ಒಂದು ಸೆಂಟ್ ಬಾಟಲಿ, ನಾಳೆ ಒಂದು ಟಾರ್ಚು ಎಂದು ಕೊಂಡು ಮಂಚದ ಅಡಿಗೆ ದೂಡುವುದು. ಜನರ ಆಸೆಗೆ ಕೊನೆ ಉಂಟಾ? ಕಂಬಳಿ ಸಿಕ್ಕವರು ಮಿಕ್ಸಿ ಕೇಳಿದರು, ಮಿಕ್ಸಿ ಸಿಕ್ಕವರು ಫೋನು. ಮದುವೆಯಾದ ಮೇಲೆ ಹೆಂಡತಿ ಇರ್ಫಾನಾ ಕೇಳುತ್ತಿದ್ದಳು, "ನನ್ನ ಅಕ್ಕಂದಿರ ಎದುರು ನನ್ನ ಮುಖ ಉಳಿಸ್ತೀರಾ ಇಲ್ವಾ?" ಪಾಪ, ಅವಳ ತಪ್ಪೂ ಅಲ್ಲ. ಆ ಅಕ್ಕಂದಿರ ಗಂಡಂದಿರೂ ಗಲ್ಫಿನವರೇ, ಅವರ ಪೆಟ್ಟಿಗೆಯೂ ಎಲ್ಲರೂ ನೋಡುವ ಹಾಗೆಯೇ ಬರುತ್ತಿತ್ತು. ಮೂಗಿಗಿಂತ ಮೂಗುತಿ ಭಾರ ಎಂಬ ಹಾಗಾಯಿತು ಅವನ ಸ್ಥಿತಿ.

ಅದಕ್ಕಿಂತ ದೊಡ್ಡ ತಮಾಷೆ ಎಂತ ಗೊತ್ತುಂಟಾ? ಅವನು ಅಲ್ಲಿಂದ ಹೊತ್ತು ತರುವ ಸಾಮಾನೆಲ್ಲ ಇತ್ತೀಚೆಗೆ ಸುಳ್ಯದ ಅಂಗಡಿಗಳಲ್ಲೇ ಸಾಲುಸಾಲಾಗಿ ಸಿಗುತ್ತಿತ್ತು, ಅದೂ ಕಡಿಮೆ ಕ್ರಯಕ್ಕೆ. ಸಲಾಂನಿಗೆ ಅದು ಗೊತ್ತಿತ್ತು, ಸಾಮಾನು ಪಡೆದವರಿಗೂ ಗೊತ್ತಿತ್ತು. ಆದರೂ ಪೆಟ್ಟಿಗೆ ಇಲ್ಲದೆ ಬಂದವನನ್ನು ಊರು "ಅಲ್ಲಿ ಎಂತದೋ ಎಡವಟ್ಟು ಮಾಡಿಕೊಂಡು ಬಂದಿದ್ದಾನೆ" ಎಂದೇ ಲೆಕ್ಕ ಹಾಕುತ್ತದೆ.

ಕೊರೋನ ಬಂದು ಹೋದ ಮೇಲೆ ಅವನ ಸಂಬಳ ಅರ್ಧಕ್ಕೆ ಇಳಿಯಿತು. ಮನೆಗೆ ಕಳಿಸಿದರೆ ಕೈಯಲ್ಲಿ ಉಳಿಯುವುದು ಕುಬ್ಬೂಸ್ ರೊಟ್ಟಿಗೆ ಸಾಕು, ಪೆಟ್ಟಿಗೆಗೆ ಸಾಲದು. ರಜೆ ಉಂಟು. ಹೋಗಿಬರುವ ಟಿಕೆಟನ್ನು ಧಣಿಯೇ ಕೊಡುತ್ತಾನೆ. ಇಲ್ಲದ್ದು ಪೆಟ್ಟಿಗೆಯೊಂದೇ. ಸಲಾಂ ಊರಿಗೆ ಫೋನ್ ಮಾಡಿ, "ಈ ಸಲ ರಜೆ ಸಿಗ್ಲಿಲ್ಲ ಉಮ್ಮ" ಅಂದ. ಮುಂದಿನ ಸಲವೂ ಅದೇ ಸುಳ್ಳು.

ಮೂರನೇ ಸಲ ಅಲೀಮಮ್ಮ ನಂಬಲಿಲ್ಲ. ಹೆತ್ತವರಿಗೆ ಸುಳ್ಳಿನ ವಾಸನೆ ಬೇಗ ಬಡಿಯುತ್ತದೆ. ಅಷ್ಟರಲ್ಲಿ ಅವರಿಗೆ ಎದೆನೋವು ಶುರುವಾಗಿತ್ತು, ಏದುಸಿರು ಬರುತ್ತಿತ್ತು. ವೀಡಿಯೋ ಕಾಲಿನಲ್ಲಿ ತಲೆಯ ಬಟ್ಟೆಯನ್ನು ಕಿವಿ ಮುಚ್ಚುವ ಹಾಗೆ ಎಳೆದುಕೊಂಡು, ಫೋನಿಗೆ ಮುಖ ಅಂಟಿಸಿಕೊಂಡು ಕೂರುತ್ತಿದ್ದರು.

"ಮೋನೆ, ನೀನು ಕೈಬೀಸಿಕೊಂಡು ಬಾ. ನಿನ್ನನ್ನು ಒಮ್ಮೆ ನೋಡ್ಬೇಕು ನನಗೆ."

"ಬರ್ತೇನೆ ಉಮ್ಮ. ಪೆಟ್ಟಿಗೆ ಅರ್ಧ ಆಗಿದೆ. ತುಂಬಿದ ಮೇಲೆ ಬರ್ತೇನೆ."

"ಪೆಟ್ಟಿಗೆಯ ಚಿಂತೆ ನನಗೆ ಬಿಡು. ನೀನು ಬಾ."

ಸಲಾಂ ನಕ್ಕುಬಿಟ್ಟ. "ನೀವು ಎಂತ ಮಾಡ್ತೀರಿ ಉಮ್ಮ? ಬೀಡಿ ತುಂಬಿಸ್ತೀರಾ?" ಅಂದ. ಉಮ್ಮನೂ ನಕ್ಕರು. ಇನ್ನೇನೋ ಹೇಳಲು ಬಾಯಿ ತೆರೆದವರು, ಪಕ್ಕದಲ್ಲಿ ಕೂತ ಇರ್ಫಾನಾಳನ್ನು ಒಮ್ಮೆ ನೋಡಿ ಸುಮ್ಮನಾದರು.

ಜಡಿಮಳೆಯ ಆಟಿ ತಿಂಗಳಲ್ಲಿ ಒಂದು ದಿನ ಬೆಳಗಿನ ಜಾವ ಸುಬ್‌ಹಿ ನಮಾಝಿಗೆ ಎದ್ದ ಅಲೀಮಮ್ಮ ಅಲ್ಲಿಯೇ ಕುಸಿದರು. ಆಸ್ಪತ್ರೆಗೆ ಕೊಂಡುಹೋಗುವಷ್ಟೂ ಉಳಿಯಲಿಲ್ಲ. ನಮ್ಮಲ್ಲಿ ಮಯ್ಯತ್ತನ್ನು ಮಣ್ಣು ಮಾಡದೆ ಮಗನಿಗಾಗಿ ದಿನಗಟ್ಟಲೆ ಕಾಯಿಸುವ ಕ್ರಮ ಇಲ್ಲ. ಸಲಾಂ ದಮ್ಮಾಮಿನಲ್ಲಿ ವಿಮಾನ ಹತ್ತುವ ಮೊದಲೇ ಉಮ್ಮ ಮಣ್ಣಿನಡಿ ಸೇರಿ ಆಗಿತ್ತು. ಅರ್ಧ ತುಂಬಿದ ಪೆಟ್ಟಿಗೆಯನ್ನು ಕೋಣೆಯಲ್ಲೇ ಬಿಟ್ಟು, ಉಟ್ಟ ಬಟ್ಟೆಯಲ್ಲಿ ಬಂದ.

ಪೆಟ್ಟಿಗೆ ಇಲ್ಲದೆ ಊರಿಗೆ ಬಂದದ್ದು ಅದೇ ಮೊದಲು. ಯಾರೂ ಕೇಳಲಿಲ್ಲ ನೋಡಿ! ಇರ್ಫಾನಾಳ ಅಕ್ಕಂದಿರು ಬಂದರು, ಫೋನು ಬೇಕೆಂದವರು ಬಂದರು, ಎಲ್ಲರೂ ಅವನ ಬರಿಗೈಯನ್ನು ಹಿಡಿದುಕೊಂಡು ಅತ್ತರು, ಅಷ್ಟೆ. ಯಾವುದಕ್ಕೆ ಹೆದರಿ ಇಷ್ಟು ಕಾಲ ಬಾರದೆ ಕೂತನೋ ಅಂಥದ್ದೊಂದು ಆಗಲೇ ಇಲ್ಲ. ಸಲಾಂನಿಗೆ ಆವಾಗ ತನ್ನ ಮೇಲೆಯೇ ಎಂಥ ಸಿಟ್ಟು ಬಂತೆಂದರೆ, ಉಮ್ಮನನ್ನು ಮಣ್ಣು ಮಾಡಿದ ಖಬರಿನ ಹತ್ತಿರ ಹೋಗಿ ನಿಲ್ಲಲಿಕ್ಕೂ ಅವನಿಗೆ ಮುಖ ಇರಲಿಲ್ಲ.

ಬಂದುಹೋಗುವವರು ಕಡಿಮೆಯಾದ ಮೇಲೆ ಒಂದು ಮಧ್ಯಾಹ್ನ ವೆಂಕಪ್ಪ ಗೌಡರ ಜೀಪು ಅಂಗಳಕ್ಕೆ ಬಂತು. ಜೀಪಿನ ಮೇಲೆ ಹಗ್ಗ ಬಿಗಿದ ಪೆಟ್ಟಿಗೆ. ನಾಲ್ಕೂ ಬದಿಗೆ ಕಪ್ಪು ಶಾಯಿಯಲ್ಲಿ ಸಲಾಂನ ಹೆಸರು.

"ಇದೆಂತದು ವೆಂಕಪ್ಪಣ್ಣ?"

ವೆಂಕಪ್ಪ ಪೆಟ್ಟಿಗೆ ಇಳಿಸಿ ಜಗಲಿಯಲ್ಲಿಟ್ಟು, ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡರು. "ನಿನ್ನ ಉಮ್ಮನದ್ದು ಮಾರಾಯ. ನನ್ನ ಮನೆಯಲ್ಲಿ ಅಡಗಿಸಿ ಇಟ್ಟದ್ದು. ಕಾಸರಗೋಡಿನಲ್ಲಿ ಗಲ್ಫ್ ಸಾಮಾನಿನ ಅಂಗಡಿ ಉಂಟಲ್ಲ, ಜೀಪಿನಲ್ಲಿ ಹೋದ್ರೆ ಊರಿಗೆ ಗೊತ್ತಾಗ್ತದೆ ಅಂತ ನನ್ನನ್ನು ಕರ್ಕೊಂಡು ಅಲ್ಲಿಗೆ ಬಸ್ಸಿನಲ್ಲಿ ಹೋದ್ರು. ಮೆಟ್ಟಿಲು ಹತ್ಲಿಕ್ಕೆ ಆಗುದಿಲ್ಲ, ಉಸಿರು ಹಿಡೀತದೆ, ಆದ್ರೂ ಬಿಡುದಿಲ್ಲ. ಡಬ್ಬದ ಮೇಲೆ ಅರಬಿ ಅಕ್ಷರ ಇರುದನ್ನೇ ಆರಿಸಿ ತೆಗೆದ್ರು. ನೀನು ಬರುವ ದಿವ್ಸ ನಾನು ಏರ್‌ಪೋರ್ಟಿಗೆ ಬಂದು, ವಾಪಸ್ ಬರುವಾಗ ನನ್ನ ಮನೆಯಲ್ಲಿ ಇದನ್ನು ಮೇಲೆ ಹೇರಿ, ಇಲ್ಲಿಗೆ ತಂದು ಇಳಿಸ್ಬೇಕು ಅಂತ ಮಾತಾಗಿತ್ತು. ನೀನು ಕೈಬೀಸಿಕೊಂಡು ಬಂದದ್ದು ಯಾರಿಗೂ ಗೊತ್ತಾಗ್ಬಾರ್ದಲ್ಲ."

ಸಲಾಂ ಪೆಟ್ಟಿಗೆಯ ಮೇಲಿನ ತನ್ನ ಹೆಸರನ್ನು ಬೆರಳಿನಿಂದ ಸವರಿದ.

"ಹೆಸರು ಬರೆದದ್ದು ನಾನೇ. ಸ್ಪೆಲ್ಲಿಂಗ್ ಸರಿ ಉಂಟಾ ನೋಡು."

"ದುಡ್ಡು ಎಲ್ಲಿಂದ ಬಂತು ಅವರಿಗೆ?"

ವೆಂಕಪ್ಪ ತಮ್ಮ ಕಿವಿ ಮುಟ್ಟಿ ತೋರಿಸಿದರು. ಮದುವೆಯ ದಿನದಿಂದ ಅಲೀಮಮ್ಮನ ಕಿವಿಯಲ್ಲಿ ಸಾಲಾಗಿ ತೂಗುತ್ತಿದ್ದ ಚಿನ್ನದ ಅಲಿಕತ್ತು! ಬೀಡಿ ಕಟ್ಟಿದ ಕಷ್ಟದ ಕಾಲದಲ್ಲೂ ಅಡವು ಇಡದ ಚಿನ್ನ. ತಲೆಯ ಬಟ್ಟೆ ಕಿವಿಯ ಮೇಲೆ ಬಿಗಿಯಾಗಿ ಇರುತ್ತಿದ್ದದ್ದು ಎಂತಕ್ಕೆಂದು ಸಲಾಂನಿಗೆ ಈಗ ಗೊತ್ತಾಯಿತು.

"ನೀವಾದರೂ ಒಂದು ಮಾತು ಫೋನಿನಲ್ಲಿ ಹೇಳ್ಬಾರ್ದಿತ್ತಾ ವೆಂಕಪ್ಪಣ್ಣ?"

"ಹೇಳ್ತೇನೆ ಅಂದೆ. ಆಣೆ ಹಾಕಿಸಿದ್ರು. ‘ಅವನಿಗೆ ಗೊತ್ತಾದ್ರೆ ಮರ್ಯಾದೆ ಹೋಯ್ತು ಅಂತ ಇನ್ನೂ ಬರುದಿಲ್ಲ’ ಅಂದ್ರು." ಸಲಾಂ ಪೆಟ್ಟಿಗೆಯ ಮೇಲೆ ತಲೆಯಿಟ್ಟು, ಹೆಂಡತಿ ಮಕ್ಕಳ ಎದುರಿನಲ್ಲೇ, ಸಣ್ಣ ಮಗುವಿನ ಹಾಗೆ ಅತ್ತ. ಇರ್ಫಾನಾ ಬಾಗಿಲಿನ ದಾರಂದವನ್ನು ಹಿಡಿದು ನಿಂತವಳು ಅಲ್ಲಿಯೇ ಕೂತುಬಿಟ್ಟಳು.

ಅವನು ಮತ್ತೆ ದಮ್ಮಾಮಿಗೆ ಹೋಗಲಿಲ್ಲ. ಜ್ಯೂಸ್ ಅಂಗಡಿ ಹಾಕಿದ. ಪೆಟ್ಟಿಗೆ ಹಾಗೆಯೇ, ಹಗ್ಗ ಸಮೇತ, ಉಮ್ಮನ ಕೋಣೆಯಲ್ಲಿ ಉಳಿಯಿತು.

ಈಚೆಗೆ ಅವನ ಅಕ್ಕನ ಮಗಳು ಜುಮಾನಾ ಹತ್ತಿರದ ಶಾಲೆಯಲ್ಲಿ ಟೀಚರ್ ಆದಳು. ಮಕ್ಕಳಿಗೆ ಶನಿವಾರ ಶನಿವಾರ ದುಡ್ಡಿನ ಪಾಠ ಮಾಡುತ್ತೇನೆಂದು ಹಟ ಹಿಡಿದಳು. ಹೆಡ್‌ಮಾಷ್ಟ್ರು ಕೇಳಿದರಂತೆ, "ಮಗ್ಗಿ ಬಾರದ ಮಕ್ಕಳಿಗೆ ಎಂಥ ದುಡ್ಡಿನ ಪಾಠ?" ಇವಳು, "ನಮ್ಮ ಊರಲ್ಲಿ ಮುಳುಗಿದವರಿಗೆಲ್ಲ ಮಗ್ಗಿ ಚೆನ್ನಾಗಿ ಬರ್ತದೆ ಸರ್" ಅಂದಳಂತೆ. ಗಟ್ಟಿಗಿತ್ತಿ! ಆಮೇಲೆ ಮಾಮನ ಬೆನ್ನು ಬಿದ್ದಳು. "ಮಾಮ, ಒಂದು ದಿನ ಬಂದು ಮಕ್ಕಳ ಹತ್ತಿರ ಮಾತಾಡಿ."

"ನಾನೆಂತ ಹೇಳುದು ಮೋಳೆ? ನನಗೇ ಬಾರದ ವಿದ್ಯೆ."

ಬರುವುದಿಲ್ಲ ಎಂದವನು ಶನಿವಾರ ಬೆಳಗ್ಗೆ ಪೆಟ್ಟಿಗೆಯನ್ನು ವೆಂಕಪ್ಪನ ಜೀಪಿಗೆ ಹೇರಿಸಿಕೊಂಡು ಶಾಲೆಗೆ ಬಂದ. ಮಕ್ಕಳ ಮುಂದೆ ಮೇಜಿನ ಮೇಲಿಟ್ಟು, ಮೊದಲ ಸಲ ಹಗ್ಗ ಬಿಚ್ಚಿದ. ಮೇಲೆಯೇ ಹುಲಿಯ ಚಿತ್ರದ ಕಂಬಳಿ. ಅದರಡಿ ಹಾಲಿನ ಪುಡಿ, ಅತ್ತರು, ಗಟ್ಟಿಯಾದ ಕಿತ್ತಳೆ ಪುಡಿ. ಮಕ್ಕಳು ಹೋ ಎಂದು ಎದ್ದು ನಿಂತರು.

ಏನನ್ನು ನೋಡಿದರೂ ಮೊದಲು ಕ್ರಯ ಕೇಳಿ ಎಂದು ಜುಮಾನಾ ಕಲಿಸಿದ್ದಳು. ಒಬ್ಬ ಕೇಳಿಯೇಬಿಟ್ಟ. "ಎಲ್ಲ ಸೇರಿ ಎಷ್ಟಾಯ್ತು?"

ಸಲಾಂ ಹೇಳಲು ನೋಡಿದ. ಉಮ್ಮನ ಕಿವಿ ಕಣ್ಣಿಗೆ ಕಟ್ಟಿತು. ಕಂಬಳಿಯನ್ನು ಸರಿಮಾಡಿದ. ಆಮೇಲೆ ಕೇಳಿದ, "ನಿಮ್ಮಲ್ಲಿ ಯಾರ ಮನೆಯವರು ಗಲ್ಫಿನಲ್ಲಿ ಇದ್ದಾರೆ? ಕೈ ಎತ್ತಿ."

ತುಂಬಾ ಕೈಗಳು ಎದ್ದವು.

"ನನ್ನ ಉಮ್ಮ ನನ್ನನ್ನು ನೋಡ್ಬೇಕು ಅಂದ್ರು. ನಾನು ಇಂಥ ಒಂದು ಪೆಟ್ಟಿಗೆ ತುಂಬಲಿ ಅಂತ ಕೂತೆ. ಅವರು ತೀರಿಹೋದ್ರು." ಅಷ್ಟೇ ಹೇಳಿದ. ಜುಮಾನಾ ಕಿಟಕಿಯ ಕಡೆ ತಿರುಗಿ ನಿಂತಳು.

ಎರಡನೇ ಬೆಂಚಿನಲ್ಲಿ ಒಬ್ಬಳು ಹುಡುಗಿ ಎತ್ತಿದ ಕೈಯನ್ನು ಇಳಿಸದೆ ಹಾಗೆಯೇ ಇದ್ದಳು. ಅವಳ ಕಣ್ಣು ತುಂಬಿತ್ತು.

"ಎಂತ ಮೋಳೆ?"

"ನಾನು ಉಪ್ಪನ ಹತ್ತಿರ ವಾಚ್ ತರ್ಲಿಕ್ಕೆ ಹೇಳಿದ್ದೆ. ಅದು ತಕ್ಕೊಂಡು ಬರ್ತೇನೆ, ಸ್ವಲ್ಪ ತಡ ಆಗ್ತದೆ ಅಂತ ಹೇಳಿದ್ದಾರೆ."

ಸಲಾಂ ಪೆಟ್ಟಿಗೆಯನ್ನು ಬಿಟ್ಟು ಅವಳ ಬೆಂಚಿನ ಹತ್ತಿರ ಹೋದ. ಕೂತು, ಅಂಗಿಯ ಕಿಸೆಯಿಂದ ತನ್ನ ಫೋನು ತೆಗೆದು ಅವಳ ಕೈಗೆ ಕೊಟ್ಟ.

"ಬೇಡ ಅಂತ ಹೇಳು. ಈಗಲೇ ಹೇಳು."