ಕೋಟದ ಎ.ಸಿ. ಮೇಸ್ತ್ರಿ

ಮೇಸ್ತ್ರಿಯ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಬೆಳ್ಳಗೆ ಸತ್ತ ಹಾಗಿದ್ದವು. ಮುಂಬೈಯಲ್ಲಿ ಟ್ಯಾಕ್ಸಿಗಳ ಕೆಲಸ ಕಲಿಯುವಾಗ ಎ.ಸಿ. ಪೈಪಿನಿಂದ ಚಿಮ್ಮಿದ ಗ್ಯಾಸ್ ತಾಗಿ ಸುಟ್ಟದ್ದಂತೆ. ತಣ್ಣಗಿನ ಗ್ಯಾಸ್ ಸುಡುವುದು ಹೇಗೆ ಎಂದು ಒಮ್ಮೆ ಕೇಳಿದ್ದಕ್ಕೆ, "ನಿಂಗೆ ಬ್ಯಾರೆ ಕೆಲ್ಸ ಇಲ್ಯಾ ಹೆಣ್ಣೇ?" ಎಂದಿದ್ದರು. ಮೂವತ್ತಾರು ದಾಟಿ, ಎರಡು ಹೊಲಿಗೆ ಯಂತ್ರ ಇಟ್ಟುಕೊಂಡು, ನಾವುಂದದ ಅರ್ಧ ಹೆಂಗಸರಿಗೆ ರವಿಕೆ ಹೊಲಿದುಕೊಡುತ್ತಿದ್ದ ನನ್ನನ್ನು ಹೆಣ್ಣೇ ಎಂದು ಕರೆದವರು ಅವರೊಬ್ಬರೇ. ಬೇರೆ ಯಾರಾದರೂ ಕರೆದಿದ್ದರೆ ನಾನು ಸುಮ್ಮನೆ ಬಿಡುತ್ತಿರಲಿಲ್ಲ.

ಕೋಟದಲ್ಲಿ ಹೆದ್ದಾರಿಯ ಪಕ್ಕ, ತಗಡಿನ ಮಾಡಿನ ಕೆಳಗೆ ಅವರ ಗ್ಯಾರೇಜು. ಕಾರುಗಳ ಎ.ಸಿ. ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಬಾಯಿ ಮಾತ್ರ ಎಲ್ಲರನ್ನೂ ಮುಟ್ಟುತ್ತಿತ್ತು. ದೊಡ್ಡ ಕಾರಿನಲ್ಲಿ ಬಂದವರೊಬ್ಬರು ಇಳಿಯದೆಯೇ, "ಬೇಗ ಗ್ಯಾಸ್ ತುಂಬ್ಸಿ, ಹೋಯ್ಕ್" ಎಂದದ್ದನ್ನು ನಾನೇ ಕೇಳಿದ್ದೇನೆ. ಮೇಸ್ತ್ರಿ ತಲೆಯನ್ನೂ ಎತ್ತದೆ, "ಗ್ಯಾಸ್ ತುಂಬ್ಸುಕೆ ನಂದೆಂತ ಪೆಟ್ರೋಲ್ ಬಂಕಾ? ತೂತ್ ಎಲ್ಲಿತ್ತ್ ಅಂದೇಳಿ ಕಾಂಬ ಮೊದ್ಲ್. ಪುರ್ಸೊತ್ತಿಲ್ದಿರೆ ಹೋಯ್ನಿ" ಎಂದರು. ಕಾರಿನವರು ಹೋದರು. ಮರುವಾರ ಬಂದು ಎರಡು ಗಂಟೆ ಬೆಂಚಿನ ಮೇಲೆ ಕುಳಿತರು.

ನಾವು ಅಲ್ಲಿಗೆ ಹೋದದ್ದು ೨೦೦೭ರ ಸುಮಾರಿಗೆ, ಅಮ್ಮನಿಗಾಗಿ. ಅಮ್ಮನ ಕಿಡ್ನಿಗಳು ಕೈಕೊಟ್ಟು, ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕಿತ್ತು. ಮೀನಿನ ವ್ಯಾಪಾರ ನಿಲ್ಲಿಸಿದ್ದ ಅಪ್ಪಯ್ಯ ಒಂದು ಹಳೆಯ ಬಿಳಿ ಕಾರು ಕೊಂಡರು. ಓಡಿಸಲು ನಾನು ಕಲಿತೆ. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಅಳತೆ ಹೇಳಿದ್ದರು. ಬಾಟಲಿಗೆ ಬಳೆಯಂತೆ ದಾರ ಸುತ್ತಿ ನಾನೇ ಗುರುತು ಮಾಡಿಟ್ಟಿದ್ದೆ. ಮನೆಯಲ್ಲಿ ಹೇಗೋ ನಡೆಯುತ್ತಿತ್ತು. ಏಪ್ರಿಲ್ ತಿಂಗಳ ಮಧ್ಯಾಹ್ನ, ಬೆವರು ಸುರಿಸುತ್ತಾ ಮನೆಗೆ ಮರಳುವಾಗ ಅಮ್ಮ ಹಿಂದಿನ ಸೀಟಿನಿಂದ, "ಒಂದ್ ಗುಟ್ಕ್ ನೀರ್ ಕೊಡ್ ಮಗಾ" ಎನ್ನುತ್ತಿದ್ದಳು. ಸಾಲಿಗ್ರಾಮದಲ್ಲಿ ಕೇಳುತ್ತಿದ್ದಳು, ತೆಕ್ಕಟ್ಟೆಯಲ್ಲಿ ಕೇಳುತ್ತಿದ್ದಳು, ಮರವಂತೆಯಲ್ಲಿ ಕೇಳುತ್ತಿದ್ದಳು. ಹೆತ್ತವಳಿಗೆ ನೀರು ಇಲ್ಲ ಎನ್ನುವ ಬಾಯಿ ನನ್ನದಾಯಿತಲ್ಲ ಎಂದು ಸ್ಟೇರಿಂಗ್ ಹಿಡಿದುಕೊಂಡೇ ಸಂಕಟಪಡುತ್ತಿದ್ದೆ. ಕಾರು ತಂಪಾಗಿದ್ದರೆ ಅವಳು ಕೇಳುತ್ತಿರಲಿಲ್ಲ.

ಆದರೆ ಕಾರು ತಂಪಾಗುತ್ತಲೇ ಇರಲಿಲ್ಲ. ಎ.ಸಿ. ಹಾಕಿದರೆ ಎಂಜಿನ್ ಪಕ್ಕದ ಕಂಪ್ರೆಸರ್ ಟಕ್ ಎಂದು ಹಿಡಿಯುತ್ತಿತ್ತು. ಸ್ವಲ್ಪ ತಣ್ಣನೆ ಗಾಳಿ ಬಂತು ಎನ್ನುವಷ್ಟರಲ್ಲಿ ಟಕ್ ಎಂದು ಬಿಡುತ್ತಿತ್ತು. ಮತ್ತೆ ಹಿಡಿಯುವುದು, ಮತ್ತೆ ಬಿಡುವುದು. ಬೇರೆ ಕಡೆ ಎರಡು ಸಲ ಗ್ಯಾಸ್ ತುಂಬಿಸಿದ ಮೇಲೆ ರೋಗ ಇನ್ನೂ ಜೋರಾಯಿತು.

ಮೇಸ್ತ್ರಿ ಬಾನೆಟ್ ತೆರೆಯಲಿಲ್ಲ. ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತು, ಆ ಬಿಳಿ ಬೆರಳುಗಳನ್ನು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು ಎಣಿಸತೊಡಗಿದರು. ನಾನು ಏನೋ ಹೇಳಲು ಹೋದೆ. "ಚುಪ್!" ಎಂದರು. ಮುಂಬೈ ಬಿಟ್ಟು ವರ್ಷಗಳಾದರೂ ಗದರುವ ಭಾಷೆಯನ್ನು ಅಲ್ಲೇ ಬಿಟ್ಟುಬಂದಿರಲಿಲ್ಲ.

"ಎಂಟಕ್ಕ್ ಹಿಡಿತ್ತ್, ಐದಕ್ಕ್ ಬಿಡ್ತ್" ಎಂದು ಎದ್ದರು. ಬಾವಿಯಿಂದ ಒಂದು ಕೊಡಪಾನ ನೀರು ತಂದು, ಎಂಜಿನ್ ಓಡುತ್ತಿರುವಂತೆಯೇ ಕಾರಿನ ಮೂತಿಯ ಸಂದಿಗೆ ನಿಧಾನವಾಗಿ ಸುರಿದರು. ಕಂಪ್ರೆಸರ್ ಹಿಡಿದದ್ದು ಬಿಡಲೇ ಇಲ್ಲ. ನೀರು ಆರಿದ ಮೇಲೆ ಮತ್ತೆ ಟಕ್ ಟಕ್ ಶುರುವಾಯಿತು.

"ಕಾಣ್. ಗ್ಯಾಸ್ ಕಮ್ಮಿ ಇಲ್ಲ, ಜಾಸ್ತಿಯೇ ಇತ್ತ್. ಬಿಸಿ ಹೊರ್ಗ್ ಹೋಪುಕೆ ದಾರಿ ಇಲ್ಲ. ಒಳ್ಗ್ ಒತ್ತಡ ಏರ್ತ್, ಸ್ವಿಚ್ಚ್ ಹೆದ್ರಿ ಬಿಡ್ತ್" ಎಂದು ಟಾರ್ಚ್ ಹಿಡಿದು ಬಗ್ಗಿ ನೋಡಿದರು. ನಾನೂ ಬಗ್ಗಿದೆ. ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರಿನ ಮುಂದೆ ಸಣ್ಣ ಕಣ್ಣಿನ ಬಲೆಯೊಂದು ಬಿಗಿಯಾಗಿ ನಿಂತಿತ್ತು. ಉಪ್ಪುಗಾಳಿ, ಧೂಳು, ಗಾಳಿಮರದ ಸೂಜಿಯೆಲೆ ಎಲ್ಲ ಸೇರಿ ಅದು ಗೋಣಿಯಷ್ಟು ದಪ್ಪವಾಗಿತ್ತು. ಅಂಚಿನುದ್ದಕ್ಕೂ ಒಂದೇ ಅಳತೆಯ ಗಂಟುಗಳು. ಹೊಲಿಗೆಯವಳಾದ ನನಗೆ ಗಂಟು ಯಾರದ್ದೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಮ್ಮ ಮನೆ ಕಡಲ ಬದಿಯ ಗಾಳಿಮರಗಳ ಕೆಳಗೆ. ಎಲೆ ಒಳಗೆ ಹೋಗಿ ಎ.ಸಿ. ಕೆಡಬಾರದು, ಹೆಂಡತಿಗೆ ಸೆಕೆಯಾಗಬಾರದು ಎಂದು ಕಾರು ಬಂದ ವಾರವೇ ಅಪ್ಪಯ್ಯ ಕಟ್ಟಿದ್ದು ಅದು.

ಮೇಸ್ತ್ರಿ ಮೀನುಗಾರರ ಮನೆಯವರು. ಗಂಟನ್ನು ಮುಟ್ಟಿ ನೋಡಿದರು. ಆಮೇಲೆ ಬೆಂಚಿನ ಕಡೆ ತಿರುಗಿದರು. ಅಲ್ಲಿ ಅಪ್ಪಯ್ಯ ಪೇಪರ್ ಮಡಚಿ ಅಮ್ಮನಿಗೆ ಗಾಳಿ ಹಾಕುತ್ತಿದ್ದರು. ಈಗ ಮೇಸ್ತ್ರಿಯ ಬಾಯಿ ತೆರೆಯುತ್ತದೆ, ಅಪ್ಪಯ್ಯನ ಮರ್ಯಾದೆ ಹೋಗುವುದು ಹೆದ್ದಾರಿಯವರೆಗೆ ಕೇಳಿಸುತ್ತದೆ ಎಂದುಕೊಂಡೆ. ತಿಂಗಳುಗಟ್ಟಲೆ ಅಮ್ಮ ಬೆಂದದ್ದು ತನ್ನ ಕೈಯಿಂದ ಎಂದು ತಿಳಿದರೆ ಅಪ್ಪಯ್ಯ ಮತ್ತೆ ಆ ಕಾರು ಹತ್ತುತ್ತಿರಲಿಲ್ಲ.

ಮೇಸ್ತ್ರಿ ಚೂರಿ ಹಾಕಿ ಬಲೆಯನ್ನು ಸರಸರ ಸೀಳಿ ತೆಗೆದರು. ಕಂಡೆನ್ಸರ್ ತೊಳೆದು, ಹೆಚ್ಚಾದ ಗ್ಯಾಸನ್ನು ಅಳತೆಗೆ ತಂದರು. ಆಮೇಲೆ ಅಪ್ಪಯ್ಯನ ಮುಂದೆ ಹೋಗಿ ನಿಂತರು.

"ಫ್ಯಾನಿನ್ ವೈರ್ ಸಡ್ಲ ಆಯಿತ್ತ್, ಸಮ ಮಾಡ್ದೆ. ನಿಮ್ಮ್ ಬಲೆ ಒಂದ್ ನನ್ ಕೈ ತಪ್ಪಿ ಹರ್ದ್ ಹೋಯ್ತ್. ಬೇಜಾರ್ ಮಾಡ್ಕಣ್ಬೇಡಿ."

ನಾನು ದಂಗಾದೆ. ತಪ್ಪು ಒಪ್ಪಿಕೊಳ್ಳುವುದು ಇರಲಿ, ಆ ಮನುಷ್ಯ ತಪ್ಪು ಎನ್ನುವ ಮಾತನ್ನು ಗಿರಾಕಿಗಳಿಗೆ ಬಿಟ್ಟು ತನಗೆ ಬಳಸಿದವರೇ ಅಲ್ಲ.

"ಹೊಸ್ತ್ ಕಟ್ತೆ ಬಿಡಿ" ಎಂದರು ಅಪ್ಪಯ್ಯ, ಮುಖ ಸಣ್ಣದು ಮಾಡಿ.

"ಬ್ಯಾಡ. ತಿಂಗ್ಳಿಗೊಂದ್ ಸಲ ಇಲ್ಲ್ ನಿಲ್ಸಿ. ಎಲಿ ನಾನೇ ತೆಗ್ದ್ ಕೊಡ್ತೆ."

ಮನೆಯವರೆಗೂ ಅಪ್ಪಯ್ಯ ಗೊಣಗಿದರು: "ಕೆಲ್ಸ ಗೊತ್ತಿತ್ತ್ ಅವ್ನಿಗೆ. ಆರೆ ಕೈ ಒರ್ಟ್. ಎಂಥಾ ಬಲೆ, ಹರ್ದ್ ಹಾಕ್ದ!" ನಾನು ಹೂಂಗುಟ್ಟುತ್ತಾ ಕಾರು ಓಡಿಸಿದೆ. ಅಮ್ಮ ತಲೆ ಒರಗಿಸಿ ನಿದ್ದೆ ಹೋಗಿದ್ದಳು. ಕೊನೆಯವರೆಗೂ ಅಪ್ಪಯ್ಯ ಅವರನ್ನು ಒರಟು ಕೈಯವನೆಂದೇ ನಂಬಿದ್ದರು. ಮೇಸ್ತ್ರಿ ಅದನ್ನು ಸಂತೋಷದಿಂದ ಹೊತ್ತುಕೊಂಡರು. ನಾವು ಹೋದಾಗಲೆಲ್ಲ, "ಒರ್ಟ್ ಕೈಯವ್ನ್ ಬಂದೆ, ಕಾರ್ ಜಾಗ್ರತಿ" ಎಂದು ಅಪ್ಪಯ್ಯನನ್ನು ಕೆಣಕುತ್ತಿದ್ದರು. ಎರಡು ವರ್ಷ ತಿಂಗಳು ತಪ್ಪದೆ ಎಲೆ ತೆಗೆದುಕೊಟ್ಟರು.

ಈಗ ಮೇಸ್ತ್ರಿ ಇಲ್ಲ. ರಸ್ತೆ ಅಗಲವಾದಾಗ ಆ ತಗಡಿನ ಮಾಡೂ ಹೋಯಿತು. ಅವರು ತೀರಿಕೊಂಡದ್ದು ನನಗೆ ತಿಳಿದದ್ದು ತುಂಬ ತಡವಾಗಿ, ಬ್ರಹ್ಮಾವರದಲ್ಲಿ ಬಟ್ಟೆ ಕೊಳ್ಳುವಾಗ, ಯಾರದೋ ಬಾಯಲ್ಲಿ. ಮನೆಗಾದರೂ ಹೋಗಿಬರಬೇಕಿತ್ತು. ಹೋಗಲಿಲ್ಲ. ಆ ನಾಚಿಕೆ ಇನ್ನೂ ಇದೆ.

ಅವರನ್ನು ಕೊನೆಯ ಸಲ ಕಂಡದ್ದು ಅಮ್ಮ ಹೋಗಿ ತಿಂಗಳು ಕಳೆದ ಮೇಲೆ. ಕೋಟ ದಾಟುವಾಗ ಕಾರು ತಾನಾಗಿ ಅಲ್ಲಿ ನಿಂತಿತು ಎನ್ನಬೇಕು. ಹಿಂದಿನ ಸೀಟು ಖಾಲಿ ಇದ್ದದ್ದನ್ನು ನೋಡಿ ಅವರು ಕೈ ಒರೆಸಿಕೊಳ್ಳುತ್ತಾ ಬಂದರು. ನಾನು ಹೇಳಿದೆ. ಮಣಿಪಾಲದಿಂದ ಮರಳಿದ ದಿನವೇ, ಸಂಜೆ, ಮನೆಯಲ್ಲಿ ಎಂದೆ. ಎಲ್ಲರೂ ಕೇಳುವ ಹಾಗೆ ಎಷ್ಟು ವಯಸ್ಸಾಗಿತ್ತು, ಏನಾಯಿತು ಎಂದು ಅವರು ಕೇಳಲಿಲ್ಲ. ಕೇಳಿದ್ದು ಒಂದೇ ಮಾತು.

"ಆ ದಿನ ಎ.ಸಿ. ಸಮ ಇದ್ದಿತ್ತಾ?"

"ಇದ್ದಿತ್. ದಾರಿಯಂಗ್ ಒಂದ್ ಸಲವೂ ನೀರ್ ಕೇಳ್ಲಿಲ್ಲ" ಎಂದೆ.

"ಅಷ್ಟ್ ಸಾಕ್ ಹೆಣ್ಣೇ" ಎಂದರು.

ಅಮ್ಮ ಹೋದ ಮೇಲೆ ನಾನು ಮೊದಲ ಸಲ ಅತ್ತದ್ದು ಆಗ, ಆ ಗ್ಯಾರೇಜಿನ ಬೆಂಚಿನ ಮೇಲೆ. ಅವರು ಪಕ್ಕದಲ್ಲಿ ಕುಳಿತು, ಕಾಯುತ್ತಿದ್ದ ಗಿರಾಕಿಗಳನ್ನೆಲ್ಲ ಕೈಸನ್ನೆಯಲ್ಲೇ ಹಿಂದೆ ಕಳಿಸಿದರು.