ಬತ್ತೆ ಅಂದವರ ಪಟ್ಟಿ

ಮೋಹಿನಿಗೆ ಊರು ಇಟ್ಟ ಹೆಸರು ನೆರೆ ಮೋಹಿನಿ. ಮರವಂತೆಯ ಆಸುಪಾಸಿನಲ್ಲಿ ಮೋಹಿನಿಯರು ಮೂರ್ನಾಲ್ಕು ಜನ ಇದ್ದಾರೆ, ಒಬ್ಬೊಬ್ಬರಿಗೂ ಒಂದೊಂದು ಗುರುತು ಬೇಕಲ್ಲ. ಬ್ಲೌಸು ಹೊಲಿಯುವ ಇವಳು ಟೈಲರ್ ಮೋಹಿನಿ ಆಗಬೇಕಿತ್ತು. ಆದರೆ ಮಳೆ ಹಿಡಿಯಿತೆಂದರೆ ಹೊಲಿಗೆ ಮಿಷನ್ನಿಗೆ ಹಳೇ ಸೀರೆ ಹೊದಿಸಿ, ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟು, ಕುತ್ತಿಗೆಗೊಂದು ಸೀಟಿ ನೇತುಹಾಕಿಕೊಂಡು ಹೊಳೆದಂಡೆಯ ಮನೆ ಮನೆ ಸುತ್ತುವ ಹೆಂಗಸಿಗೆ ಊರು ಬೇರೆ ಯಾವ ಹೆಸರು ಇಟ್ಟೀತು?

ಜಾಕೆಟ್ಟು, ಸೀಟಿ ಎರಡೂ ನೆರೆಯಲ್ಲಿ ನೆರವಾಗುವವರಿಗೆ ಸರಕಾರ ಕೊಟ್ಟ ಹನ್ನೆರಡು ದಿನದ ತರಬೇತಿಯಲ್ಲಿ ಸಿಕ್ಕಿದ್ದು. ಹಗ್ಗ ಎಸೆಯುವುದು ಹೇಗೆ, ನೀರು ಕುಡಿದವನ ಎದೆ ಒತ್ತುವುದು ಹೇಗೆ ಎಂದೆಲ್ಲ ಕಲಿಸಿದರು. ನಲವತ್ತಾರರ ಮೋಹಿನಿ ಮುಂದಿನ ಬೆಂಚಿನಲ್ಲಿ ಕೂತು ಕಲಿತಳು. ಆದರೆ ಅವಳ ನಿಜವಾದ ಬಲ ತರಬೇತಿಯವರು ಕೊಟ್ಟದ್ದಲ್ಲ, ಅಂಗಡಿಯಿಂದ ತಾನೇ ತಂದ ಇನ್ನೂರು ಪುಟದ ಪುಸ್ತಕ. ಅದರಲ್ಲಿ ಸ್ಕೇಲಿಟ್ಟು ಗೆರೆ ಎಳೆದು ನಾಲ್ಕು ಕಾಲಂ ಮಾಡಿದ್ದಳು: ಮನೆ, ಜನ, ಅಡ್ಡಿ, ಬಂದರು.

ಅಡ್ಡಿ ಎಂಬ ಕಾಲಂ ಅವಳ ಸ್ವಂತ ಬುದ್ಧಿ. ನೆರೆ ಬಂದರೂ ಜನ ಮನೆ ಬಿಟ್ಟು ಹೊರಡದಿರುವುದಕ್ಕೆ ದೊಡ್ಡವರು ಮೊಂಡುತನ ಎಂದು ಹೆಸರಿಡುತ್ತಾರೆ. ಮೊಂಡುತನವೂ ಅಲ್ಲ, ಮಣ್ಣೂ ಅಲ್ಲ. ಒಬ್ಬರಿಗೆ ಫ್ರಿಜ್ಜಿನಲ್ಲೇ ಇಡಬೇಕಾದ ಸಕ್ಕರೆ ಕಾಯಿಲೆಯ ಇಂಜೆಕ್ಷನ್ನು. ಒಬ್ಬರಿಗೆ ಕಿವಿ ಕೇಳದು, ಮೈಕಿನಲ್ಲಿ ಕೂಗಿದ್ದು ಗೊತ್ತೇ ಆಗದು. ಇನ್ನೊಬ್ಬರಿಗೆ ಗಂಜಿ ಕೇಂದ್ರದಲ್ಲಿ ಬಟ್ಟಲು ಹಿಡಿದು ನಿಂತರೆ ಮರ್ಯಾದೆ ಹೋಗುತ್ತದೆಂಬ ಸಂಕಟ. ಶಾಲೆಯಲ್ಲಿ ತೆರೆಯುವ ಅದನ್ನು ಸರಕಾರ ಕಾಳಜಿ ಕೇಂದ್ರ ಎಂದು ಕರೆದರೂ ಊರ ಬಾಯಲ್ಲಿ ಗಂಜಿ ಗಂಜಿಯೇ. ಮೋಹಿನಿ ಒಂದೊಂದೇ ಅಡ್ಡಿ ಬಿಡಿಸಿದಳು. ಇಂಜೆಕ್ಷನ್ನಿಗೆ ತಂಪು ಪಾನೀಯದ ಅಂಗಡಿಯ ಫ್ರಿಜ್ಜು ಗೊತ್ತು ಮಾಡಿದಳು. ಮರ್ಯಾದೆಯವರ ಕೈಗೆ ಸೌಟು ಕೊಟ್ಟು, ಉಣ್ಣುವುದಕ್ಕಲ್ಲ, ಬಡಿಸುವುದಕ್ಕೆ ಬನ್ನಿ ಎಂದಳು. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಆ ಕಾಲಮ್ಮಿನ ಎಲ್ಲದರ ಮೇಲೂ ಗೆರೆ ಎಳೆದಾಗಿತ್ತು, ಒಂದನ್ನು ಬಿಟ್ಟು.

ಆ ಒಂದು ಜಲಜಕ್ಕನ ದನ. ಸೌಪರ್ಣಿಕಾ ಹೊಳೆಯ ನಡುವೆ ಕೊಕ್ಕರೆಕುದ್ರು ಎಂಬ ಸಣ್ಣ ದ್ವೀಪದಲ್ಲಿ ಎಂಟು ಮನೆ, ಅದರಲ್ಲಿ ತುದಿಯ ಮನೆ ಜಲಜಕ್ಕನದು. ಕುದ್ರಿನಿಂದ ದಡಕ್ಕೆ ಒಬ್ಬರ ಹಿಂದೆ ಒಬ್ಬರು ದಾಟುವಷ್ಟು ಅಗಲದ ಮರದ ಕಾಲುಸೇತುವೆ, ಸಂಕ. ಅರವತ್ತರ ಜಲಜಕ್ಕ ಒಂಟಿ. ಅವಳ ಮಾತುಕತೆಯೆಲ್ಲ ಕೆಂಪಿ ಎಂಬ ದನದ ಜತೆಗೆ. ಕೆಂಪಿ ಕರುವಾಗಿದ್ದಾಗ ದೋಣಿಯಲ್ಲಿ ಬಂದದ್ದು, ಈಗ ಸಂಕ ದಾಟುವ ಗಾತ್ರವಲ್ಲ. ದೊಡ್ಡ ದೋಣಿಯಲ್ಲಿ ತಂದರೂ ಕಟ್ಟುವುದೆಲ್ಲಿ? ಮೋಹಿನಿ ಪಂಚಾಯತಿಯ ಮೂರು ಸಭೆಯಲ್ಲಿ ಎದ್ದು ನಿಂತು ಕೇಳಿದಳು. ಶಾಲೆಯ ಜಗಲಿಯಲ್ಲಿ ಸಗಣಿ ಬಿದ್ದರೆ ಬಳಿಯುವವರು ಯಾರು ಎಂದು ಒಬ್ಬರು ನಕ್ಕರು. ಮುಂದಿನ ಸಭೆಯಲ್ಲಿ ಕಾಂಬ, ನೋಡೋಣ ಎಂದು ಇನ್ನೊಬ್ಬರು ಚಾ ತರಿಸಿದರು.

ಹೋದ ವರ್ಷ ಜುಲೈಯಲ್ಲಿ ಮೂರು ದಿನ ಬಿಡದೆ ಸುರಿಯಿತು. ಘಟ್ಟದ ನೀರು ಇಳಿಯುವ ಹೊತ್ತಿಗೇ ಸಮುದ್ರದಲ್ಲಿ ಉಬ್ಬರ, ಹೊಳೆ ನೀರಿಗೆ ಹೋಗಲು ದಾರಿಯೇ ಇಲ್ಲ. ಬೆಳಿಗ್ಗೆ ಹತ್ತಕ್ಕೆ ಮೋಹಿನಿ ಶಾಲೆಯ ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತಿದ್ದಳು. ಕುದ್ರಿನ ಏಳು ಮನೆಯವರು ಗಂಟುಮೂಟೆ ಸಮೇತ ಬಂದಾಗಿತ್ತು. ಆಗ ಜಲಜಕ್ಕ ಸಂಕ ದಾಟಿ, ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಕೈಯಲ್ಲಿ ಏನೂ ಇಲ್ಲದೆ ಬಂದಳು.

"ಹೆಣೆ ಮೋಹಿನಿ, ದನಿಗ್ ಎಂತ ಮಾಡ್ದೆ? ಜಾಗ ಇತ್ತಾ?"

"ಜಲಜಕ್ಕ, ಮನ್ಷರ್ ಮೊದ್ಲ್ ಬರ್ಕ್. ದನಿಂದ್ ಕಡಿಕೆ ಕಾಂಬ."

"ಕಡಿಕೆ ಅಂದ್ರೆ ಯಾವಾಗ?"

ಹಿಂದಿನಿಂದ ಯಾರೋ ಚಾಪೆ ಸಾಲದೆಂದು ಕೂಗುತ್ತಿದ್ದರು, ಒಂದು ಮಗು ಅಳುತ್ತಿತ್ತು, ಕಿವಿಯಲ್ಲಿ ಫೋನು. "ಸುಧಾಕರಣ್ಣನ ದೋಣಿ ಖಾಲಿ ಆಯ್ಲಿ, ಕಾಂಬ," ಎಂದಳು ಮೋಹಿನಿ.

ಜಲಜಕ್ಕ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು. ಆಮೇಲೆ ಕೊಪ್ಪೆ ಸರಿಮಾಡಿಕೊಂಡು, "ಆಯ್ತ್ ಹಂಗಾರೆ. ಬತ್ತೆ, ಅಕಾ," ಎಂದು ಮೆಟ್ಟಿಲಿಳಿದಳು.

ಫೋನು ಕಿವಿಯಲ್ಲಿಟ್ಟುಕೊಂಡೇ ತಲೆಯಾಡಿಸುತ್ತ ಮೋಹಿನಿ ಪುಸ್ತಕದಲ್ಲಿ ಜಲಜಕ್ಕನ ಹೆಸರಿನ ಎದುರು, ಕೊನೆಯ ಕಾಲಮ್ಮಿನಲ್ಲಿ, ಬತ್ರ್ ಎಂದು ಬರೆದಳು. ಬಟ್ಟೆ ಬರೆ ತರಲು ಹೋದರು, ಬರುತ್ತಾರೆ ಎಂದೇ ತಿಳಿದಳು. ಅವಳು ಬೇರೆ ದೇಶದವಳಲ್ಲ, ಇದೇ ಹೊಳೆಯ ನೀರು ಕುಡಿದು ಬೆಳೆದವಳು. ನಮ್ಮ ಕಡೆ ಎದ್ದು ಹೊರಡುವವರು ಯಾರೂ ಹೋತೆ ಅನ್ನುವುದಿಲ್ಲ, ಅದು ಕೆಟ್ಟ ಮಾತು. ಮುಂಬಯಿಗೆ ಹೊರಟವರೂ ಬತ್ತೆ ಎಂದೇ ಹೇಳುವುದು. ಇದು ಅವಳಿಗೆ ಗೊತ್ತಿಲ್ಲವೆ? ಗೊತ್ತಿತ್ತು. ಆದರೆ ಆ ದಿನ ಬೆಳಗಿನಿಂದ ಬರುವವರ ಲೆಕ್ಕವನ್ನೇ ಬರೆಯುತ್ತಿದ್ದ ಕೈ, ಕಿವಿಗೆ ಬಿದ್ದ ಮಾತನ್ನು ಹಾಗೇ ಬರೆಯಿತು.

ಹನ್ನೆರಡಕ್ಕೆ ದೋಣಿಯ ಸುಧಾಕರ ನೆನೆದು ತೊಪ್ಪೆಯಾಗಿ ಬಂದು ನಿಂತ. "ಈಗ ಎಲ್ಲಿಗ್ ಹೋಪ್ದ್, ಮೋಹಿನಿ? ಕುದ್ರಿಗಾ, ಮೇಲಿನ ಕೇರಿಯ ಹಾಸ್ಗಿ ಹಿಡ್ದವ್ರ್ ಮನಿಗಾ?"

ಮೋಹಿನಿ ಪುಸ್ತಕ ಬಿಡಿಸಿ ನೋಡಿದಳು. ಏಳು ಮನೆ ಬಂದಿದೆ. ಎಂಟನೆಯದರ ಎದುರು ಬತ್ರ್ ಎಂದಿದೆ. ಸಂಕದ ಮೇಲೆ ಇನ್ನೂ ನೀರು ಬಂದಿಲ್ಲ. "ಕುದ್ರಿನವ್ರ್ ಎಲ್ಲ ಆಯ್ತ್. ನೀವ್ ಕೇರಿಗ್ ಹೋಯ್ನಿ," ಎಂದಳು.

ತಪ್ಪು ಲೆಕ್ಕವಲ್ಲ ಅದು. ಮೇಲಿನ ಕೇರಿಯಲ್ಲಿ ಹಾಸಿಗೆ ಹಿಡಿದವರನ್ನು ಕುರ್ಚಿ ಸಮೇತ ಎತ್ತಿ ತಂದರು, ಅವರು ಇವತ್ತಿಗೂ ಬದುಕಿದ್ದಾರೆ. ಇದನ್ನು ಹೇಳಿ ಮೋಹಿನಿಯನ್ನು ಸಮಾಧಾನ ಮಾಡಹೊರಟವರೆಲ್ಲ ಬರಿಗೈಯಲ್ಲಿ ವಾಪಸಾಗಿದ್ದಾರೆ.

ಮೂರು ಗಂಟೆಗೆ ಗಂಜಿ ಬಡಿಸುವಾಗ ತಲೆ ಎಣಿಸಿದರೆ ಒಂದು ಕಡಿಮೆ. "ಜಲಜಕ್ಕ ಬಂದ್ರಾ?" ಎಂದು ಕೋಣೆ ಕೋಣೆ ಕೇಳಿದಳು. ಬೆಳಿಗ್ಗೆ ಕಂಡೆ ಎಂದರು ಕೆಲವರು, ಹಿಂದಿನ ಕೋಣೆಯಲ್ಲಿ ಇರಬಹುದು ಎಂದರು ಇನ್ನು ಕೆಲವರು. ಹಿಂದಿನ ಕೋಣೆಯಲ್ಲಿ ಮುರಿದ ಬೆಂಚುಗಳು ಬಿಟ್ಟರೆ ಏನೂ ಇರಲಿಲ್ಲ. ಮೋಹಿನಿ ಹೊಳೆಗೆ ಓಡಿದಳು. ಸಂಕ ಕಾಣಲಿಲ್ಲ, ಅದಿದ್ದ ಜಾಗದಲ್ಲಿ ಕೆಂಪು ನೀರು ಸುತ್ತುತ್ತಿತ್ತು. ಆಚೆ ದನದ ಹಟ್ಟಿಯ ಬಾಗಿಲಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ಜಲಜಕ್ಕ ನಿಂತಿದ್ದಳು, ಕೈಯಲ್ಲಿ ಕೆಂಪಿಯ ಹಗ್ಗ.

"ಹ್ವಾಯ್! ಜಲಜಕ್ಕಾ! ಹಗ್ಗ ಬಿಡಿ! ಮಾಡಿಗ್ ಹತ್ತಿ!"

ಸೀಟಿ ಊದಿದಳು. ಊದಿ ಊದಿ ತುಟಿ ಒಡೆಯಿತು. ಸುಧಾಕರ ಎರಡು ಸಲ ದೋಣಿ ನೂಕಿದ, ಎರಡು ಸಲವೂ ತೇಲಿಬಂದ ಮರ ಅಡ್ಡ ಸಿಕ್ಕಿ ದೋಣಿ ಮಗುಚುವುದರಲ್ಲಿತ್ತು. ಅಷ್ಟರಲ್ಲಿ ಮಳೆ ಮತ್ತೆ ದಪ್ಪಗಾಗಿ ಆಚೆ ದಡ ಕಾಣದಾಯಿತು. ಮಳೆ ತೆಳುವಾದಾಗ ಹಟ್ಟಿ ಇರಲಿಲ್ಲ.

ಎರಡು ದಿನದ ಮೇಲೆ ಜಲಜಕ್ಕ ಅಳಿವೆಯ ಹತ್ತಿರ ಸಿಕ್ಕಿದಳು. ಕೆಂಪಿ ಅದಕ್ಕೂ ಮೊದಲೇ ಸಿಕ್ಕಿತ್ತು, ಜೀವಂತ. ಅರ್ಧ ಮೈಲಿ ಕೆಳಗೆ ಯಾರದೋ ತೆಂಗಿನ ತೋಟದಲ್ಲಿ ನಿಂತು ಮೇಯುತ್ತಿತ್ತು. ಕುತ್ತಿಗೆಯ ಹಗ್ಗವನ್ನು ಕತ್ತಿಯಿಂದ ಕೊಯ್ದ ಗುರುತು ಚೊಕ್ಕವಾಗಿತ್ತು.

ನೀರಿಳಿದ ಮೇಲೆ ವರದಿ ಬರೆಯಲು ಬಂದ ಅಧಿಕಾರಿ ಬಯಲುಸೀಮೆಯವರು, ಒಳ್ಳೆಯ ಮನುಷ್ಯ. ಮೋಹಿನಿಯನ್ನು ಕುರ್ಚಿಯಲ್ಲಿ ಕೂರಿಸಿಯೇ ಕೇಳಿದರು. "ನೀವು ಅವರಿಗೆ ತಿಳಿಸಿದ್ರಿ ತಾನೇ? ಅವರು ಏನಂದ್ರು?"

"ಬತ್ತೆ ಅಂದ್ರ್, ಸರ್."

"ಬರ್ತೀನಿ ಅಂದ್ರು. ಸರಿ."

"ಅಲ್ಲ ಸರ್. ಬತ್ತೆ ಅಂದ್ರೆ ನಮ್ಮ್ ಬದಿಯಗ್ ಹೋತೆ ಅಂಬ್ದ್. ಅವ್ರ್ ಬತ್ತೆ ಅಂದದ್ದ್ ಬಪ್ಪುಕಲ್ಲ."

ಅಧಿಕಾರಿ ಪೆನ್ನು ಎತ್ತಿ ಹಿಡಿದರು. "ಇದನ್ನ ನಾನು ಹೇಗಮ್ಮ ಬರೀಲಿ?" ಎಂದರು. ನಿಜವೇ. ಅದನ್ನು ಬರೆಯಲು ಯಾವ ಫಾರಮ್ಮಿನಲ್ಲೂ ಜಾಗವಿಲ್ಲ. ಸೂಚನೆ ನೀಡಲಾಗಿ, ಮೃತರು ಬರುವುದಾಗಿ ಒಪ್ಪಿ ನಂತರ ಬಂದಿರುವುದಿಲ್ಲ ಎಂದು ಬರೆದು ಓದಿ ಹೇಳಿ, ಬೆರಳಿಟ್ಟು ಜಾಗ ತೋರಿಸಿದರು. ಮೋಹಿನಿ ಸಹಿ ಹಾಕಿದಳು. ಆ ಸಾಲು ಯಾರ ಮೇಲೂ ತಪ್ಪು ಹೊರಿಸಿರಲಿಲ್ಲ. ತನ್ನನ್ನೂ ಅದು ಕಾಪಾಡಿತು ಎಂಬುದು ಅವಳಿಗೆ ಗೊತ್ತಿತ್ತು, ಅದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಹದಿಮೂರರ ಊಟ ಕಳೆದ ಮೇಲೆ ಜಲಜಕ್ಕನ ತಂಗಿ ಮಗಳು ಸುಪ್ರೀತಾಳ ಮನೆಗೆ ಹೋದಳು. ಸುಪ್ರೀತಾ ಕಾಪಿ ಕೊಟ್ಟು ಎದುರು ಕೂತು, "ದೊಡ್ಡಮ್ಮ ಕಡಿಕೆ ನಿಮ್ಮತ್ರ ಎಂತ ಹೇಳಿದ್ರ್?" ಎಂದು ಕೇಳಿದಳು.

"ಬತ್ತೆ ಅಂದ್ರ್."

"ಎಲ್ಲಿಗೆ?"

ಹುಡುಗಿ ಚುಚ್ಚಬೇಕೆಂದು ಕೇಳಿದ್ದಲ್ಲ, ತಿಳಿಯದೆ ಕೇಳಿದ್ದು. ಆ ಒಂದು ಮಾತನ್ನು ಆ ದಿನ ಶಾಲೆಯ ಮೆಟ್ಟಿಲ ಮೇಲೆ ತಾನು ಕೇಳಿದ್ದರೆ ಸಾಕಿತ್ತು. ಮೋಹಿನಿ ಕಾಪಿ ಲೋಟ ಕೆಳಗಿಟ್ಟಳು. ಎದ್ದಳು. ಹೊಸಿಲ ಹತ್ತಿರ ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದು ನಿಂತುಬಿಟ್ಟಿತು. ಆ ಮಾತು ಅವಳಿಂದ ಇನ್ನು ಆಡಲಾಗದು.

"ಹೋತೆ," ಎಂದಳು.

ಸುಪ್ರೀತಾಳ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು. ಒಳಗಿಂದ ಅವಳ ಅತ್ತೆ, "ಎಂಥಾ ಮಾತಾಡ್ತ್ ಮಾರಾಯ್ತಿ ಅದ್! ಸಾವಾದ ಮನಿಯಗೆ!" ಎಂದು ಕೂಗಿದ್ದು ಗೇಟಿನವರೆಗೂ ಕೇಳಿಸಿತು.

ಅಂದಿನಿಂದ ಮೋಹಿನಿ ಯಾರ ಮನೆಯಿಂದ ಎದ್ದರೂ ಒಂದೋ ಹೋತೆ ಅನ್ನುತ್ತಾಳೆ, ಇಲ್ಲವೇ ಏನೂ ಹೇಳದೆ ಹೊರಡುತ್ತಾಳೆ. ಊರಿಗೆ ಒಂದು ಮಾತು ಸಾಕು. ನೆರೆ ಮೋಹಿನಿ ಬಂದರೆ ಮನೆಗೆ ಒಳ್ಳೆಯದಲ್ಲ ಎಂದು ಹಬ್ಬಿತು. ಬ್ಲೌಸು ಹೊಲಿಯಲು ಕೊಡುವವರು ಅಳತೆ ರವಿಕೆಯನ್ನು ಗೇಟಿನಲ್ಲೇ ಕೊಟ್ಟು ಕಳಿಸತೊಡಗಿದರು.

ಇತ್ತ ಕೆಂಪಿಯನ್ನು ಇಟ್ಟುಕೊಳ್ಳಲು ದಡದಲ್ಲಿ ಯಾರೂ ಒಪ್ಪಲಿಲ್ಲ. ಯಜಮಾನ್ತಿಯನ್ನು ತಿಂದ ದನ ಎಂದರು. ಕೊನೆಗೆ ಕುದ್ರಿನ ನೆರೆಮನೆಯ ಗೋಪಿ, ನನಗಿರಲಿ ಎಂದಳು. ಆಗಸ್ಟಿನ ಒಂದು ಬಿಸಿಲಿನ ದಿನ ಸುಧಾಕರ ದೊಡ್ಡ ದೋಣಿಯಲ್ಲಿ ಹುಲ್ಲು ಹಾಸಿ ಕೆಂಪಿಯನ್ನು ದಾಟಿಸಿದ. ದನ ಕಿಮಕ್ಕೆನ್ನಲಿಲ್ಲ. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ದಡದಲ್ಲಿ ನಿಂತು ನೋಡುತ್ತಿದ್ದ ಮೋಹಿನಿ ಅಲ್ಲೇ ಕೂತು ಅತ್ತಳು.

ಈ ವರ್ಷ ಮೇ ತಿಂಗಳಿನಲ್ಲೇ ಅವಳು ಮನೆ ಮನೆ ತಿರುಗಿದಳು, ಒಂದೇ ಒಂದು ಬೇಡಿಕೆ ಹಿಡಿದು. ಮಳೆಗಾಲದ ಎರಡು ತಿಂಗಳು ಒಂದು ದನ ಕಟ್ಟಲು ನಿಮ್ಮ ಹಟ್ಟಿಯಲ್ಲಿ ಜಾಗ ಕೊಡಿ. ಮೊದಲಾದರೆ ಕೂಕಣಿ ಎಂದು ಮಣೆ ಕೊಡುತ್ತಿದ್ದವರು ಈಗ ಕಿಟಕಿಯಿಂದಲೇ, ಯಜಮಾನರಿಲ್ಲ ಎಂದರು. ಹಟ್ಟಿ ಖಾಲಿ ಇದ್ದವರೂ ಹಾಗೇ ಎಂದರು. ಸಭೆಯಲ್ಲೂ ಎದ್ದು ನಿಂತಳು. ಚಾ ಬಂತು.

ಜುಲೈ ಎರಡನೇ ವಾರ ಮತ್ತೆ ಮಳೆ, ಮತ್ತೆ ಉಬ್ಬರ. ಬೆಳಿಗ್ಗೆಯೇ ಸುಧಾಕರನ ದೋಣಿಯನ್ನು ಮೇಲಿನ ಊರಿಗೆ ಕರೆಸಿಕೊಂಡಿದ್ದರು. ಮೋಹಿನಿ ಒಬ್ಬಳೇ ಸಂಕದ ಈಚೆ ನಿಂತಿದ್ದಳು. ನೀರು ಹಲಗೆಗೆ ಒಂದು ಗೇಣು ಕೆಳಗಿತ್ತು. ಕುದ್ರಿನವರು ಒಬ್ಬೊಬ್ಬರೇ ದಾಟಿ, ಅವಳ ಮುಖ ನೋಡದೆ ಪಕ್ಕದಿಂದ ಸರಿದು ಶಾಲೆಯ ದಾರಿ ಹಿಡಿದರು. ಎಲ್ಲರೂ ಬಂದರು, ಗೋಪಿಯೊಬ್ಬಳು ಬರಲಿಲ್ಲ.

"ಹ್ವಾಯ್, ಗೋಪೀ! ಬಾ ಬೇಗ!"

ಆಚೆ ಅಂಗಳಕ್ಕೆ ಗೋಪಿ ಬಂದಳು. ಹಿಂದೆ ಕೆಂಪಿ. "ದನಿಗ್ ಎಂತ ಮಾಡುದ್?" ಎಂದು ಕೂಗಿದಳು.

"ಬಿಟ್ ಬಾ! ಹಗ್ಗ ಬಿಚ್ಚ್, ಅದ್ ಈಜ್ತ್!"

"ಜಲಜಕ್ಕನೇ ಬಿಟ್ಟಿಕಿ ಬರ್ಲಿಲ್ಲೆ. ನಾನ್ ಬಿಟ್ಟಿಕಿ ಬಪ್ದಾ?"

ಜಲಜಕ್ಕ ಸತ್ತದ್ದು ಎಚ್ಚರಿಕೆಯಾಗಬೇಕಿತ್ತು, ಕುದ್ರಿನಲ್ಲಿ ಅದು ಮೇಲ್ಪಂಕ್ತಿಯಾಗಿ ಕೂತಿತ್ತು. ಮೋಹಿನಿ ಕೊಪ್ಪೆಯ ಒಳಗೇ ಪುಸ್ತಕ ಬಿಡಿಸಿ ಗೋಪಿಯ ಹೆಸರಿನ ಎದುರು, ಅಡ್ಡಿ ಎಂಬಲ್ಲಿ, ದನ ಎಂದು ಬರೆದಳು. ಹೋದ ವರ್ಷದ ಅದೇ ಅಕ್ಷರ, ಅದೇ ದನ.

ಗೋಪಿ ಹಗ್ಗ ಹಿಡಿದು ತಿರುಗಿದಳು. ತಿರುಗುತ್ತಲೇ ಕೈಯೆತ್ತಿ ಕೂಗಿದಳು, "ಬತ್ತೇ!"

ಮೋಹಿನಿ ಎದೆಯ ಉಸಿರನ್ನೆಲ್ಲ ಒಟ್ಟುಗೂಡಿಸಿ ಕಿರುಚಿದಳು.

"ಎಲ್ಲಿಗೇ? ಗೋಪೀ, ಎಲ್ಲಿಗೇ?"

ಗೋಪಿ ಆಗಲೇ ಹಟ್ಟಿಯೊಳಗೆ ಹೋಗಿದ್ದಳು.